ಗಲ್ಲಿಯ ಬಾಯಿ ಮುಚ್ಚಿಸಿದ ಪಾನ್ ಶ್ಯೂಜು

ಇಂಗ್ಲಿಷ್ ನನಗೆ ಒಲಿದ ವಿದ್ಯೆಯಲ್ಲ, ಗಂಟುಬಿದ್ದ ವಿದ್ಯೆ. ಕಾಲೇಜಿಗೆ ಅರ್ಜಿ ಹಾಕುವಾಗ ನಾನು ಕೇಳಿದ್ದು ಲೆಕ್ಕಶಾಸ್ತ್ರ. ಅರ್ಜಿಯ ಕೊನೆಯಲ್ಲಿ, ಬೇರೆ ವಿಭಾಗಕ್ಕೆ ಹಾಕಿದರೂ ಒಪ್ಪಿಗೆ ಎಂಬ ಪುಟ್ಟ ಚೌಕವೊಂದಿತ್ತು. ಅಪ್ಪ ಹೇಳಿದರೆಂದು ಅದಕ್ಕೊಂದು ಗುರುತು ಹಾಕಿದೆ. ಆ ಗುರುತಿನ ಫಲವಾಗಿ ಇವತ್ತು ನಾನು ಜ್ಯಾಂಗ್‌ಶಿ ಪ್ರಾಂತ್ಯದ ಒಂದು ತಾಲೂಕು ಪಟ್ಟಣದ ಹೈಸ್ಕೂಲಿನಲ್ಲಿ ಗುತ್ತಿಗೆಯ ಇಂಗ್ಲಿಷ್ ಮೇಷ್ಟ್ರು. ಐವತ್ತೆಂಟು ಮಕ್ಕಳ ಕಿವಿಗೂ ಕಣ್ಣಿಗೂ ಇಂಗ್ಲಿಷ್ ತುಂಬುವುದು ನನ್ನ ಕೆಲಸ. ನನ್ನ ಸ್ವಂತ ಕಿವಿಯ ಯೋಗ್ಯತೆ ಹೇಳಬೇಕೆಂದರೆ, ಒಮ್ಮೆ ನಾನ್‌ಚಾಂಗ್ ರೈಲು ನಿಲ್ದಾಣದಲ್ಲಿ ವಿದೇಶಿಯೊಬ್ಬ ನನ್ನನ್ನು ಏನೋ ಕೇಳಿದ. ನಾನು ನಗುತ್ತಾ ತಲೆಯಾಡಿಸಿದೆ. ಪಾಪ, ಅವನು ಶೌಚಾಲಯ ಎಲ್ಲಿದೆ ಎಂದು ಕೇಳಿದ್ದು ಎಂದು ನನಗೆ ಹೊಳೆಯುವಷ್ಟರಲ್ಲಿ ನನ್ನ ರೈಲು ಮೂರು ನಿಲ್ದಾಣ ದಾಟಿತ್ತು.

ಇಂಥ ನನ್ನನ್ನು ಪೂರ್ತಿ ಗೌರವದಿಂದ "ಮೇಷ್ಟ್ರೇ" ಎಂದು ಕರೆದು, ಅದೇ ಉಸಿರಿನಲ್ಲಿ ಪೂರ್ತಿ ಮರ್ಯಾದೆ ತೆಗೆಯುತ್ತಿದ್ದವಳು ಪಾನ್ ಶ್ಯೂಜು. ನಾನು ಶ್ಯೂಜಕ್ಕ ಎನ್ನುತ್ತಿದ್ದೆ. ಶಾಲೆಯ ಹಿಂದಿನ ಗೇಟಿಗೆ ಎದುರಾದ ಗಲ್ಲಿಯಲ್ಲಿ, ಶ್ಯೋಂಗ್ ಅಜ್ಜಿಯ ಮನೆಯ ಮಹಡಿಯಲ್ಲಿ, ನನ್ನ ಪಕ್ಕದ ಕೋಣೆ ಅವಳದು. ಪಕ್ಕದ್ದು ಎನ್ನುವುದೂ ತಪ್ಪೇ. ಇದ್ದ ಒಂದು ಕೋಣೆಯ ನಡುವೆ ಅಜ್ಜಿ ಪ್ಲೈವುಡ್ ಹಾಳೆ ನಿಲ್ಲಿಸಿ ಎರಡು ಬಾಡಿಗೆ ಎತ್ತುತ್ತಿದ್ದಳು. ಆ ಕಡೆ ಶ್ಯೂಜಕ್ಕ ಹಸಿಮೆಣಸು ಹುರಿದರೆ ಈ ಕಡೆ ನನ್ನ ಕಣ್ಣಲ್ಲಿ ನೀರು.

ಗಲ್ಲಿಯ ತುಂಬ ಇಂಥ ಅಮ್ಮಂದಿರೇ. ಮಕ್ಕಳು ಹೈಸ್ಕೂಲಿನ ಕೊನೆಯ ವರ್ಷಗಳಿಗೆ ಬಂದರೆ ಅಮ್ಮಂದಿರು ಊರು, ಕೆಲಸ, ಗಂಡ ಎಲ್ಲ ಬಿಟ್ಟು ಬಂದು ಶಾಲೆಯ ಪಕ್ಕ ಕೋಣೆ ಹಿಡಿಯುತ್ತಾರೆ. ಅಡುಗೆ, ಬಟ್ಟೆ, ಮತ್ತು ಮಗುವಿನ ಬೆನ್ನಿಗೆ ನಿಂತು ನಿಟ್ಟುಸಿರು ಬಿಡುವುದು, ಇಷ್ಟು ಅವರ ಕೆಲಸ. ಶ್ಯೂಜಕ್ಕ ಬಿಟ್ಟು ಬಂದದ್ದು ಫೂಜ್ಯಾನ್‌ನ ಜಿಪ್ ಕಾರ್ಖಾನೆಯನ್ನು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಹದಿನಾಲ್ಕು ವರ್ಷ ಅಲ್ಲಿ ಜಿಪ್ ಪರೀಕ್ಷಕಿ. ಎಳೆಯುವುದು, ಸದ್ದು ಕೇಳುವುದು, ಒಳ್ಳೆಯದನ್ನು ಬಲಕ್ಕೆ, ಕೆಟ್ಟದ್ದನ್ನು ಎಡಕ್ಕೆ ಎಸೆಯುವುದು. ಕಣ್ಣಿನಿಂದ ನೋಡಬೇಕಾಗಿಯೇ ಇರಲಿಲ್ಲವಂತೆ, ಹಲ್ಲು ಸೊಟ್ಟಗಿದ್ದರೆ ಸದ್ದೇ ಹೇಳುತ್ತಿತ್ತಂತೆ.

ಮಗಳು ತೂ ರುಯ್‌ಲಿನ್ ನನ್ನ ಕ್ಲಾಸಿನಲ್ಲೇ ಇದ್ದಳು. ಗಣಿತದಲ್ಲಿ ಕತ್ತಿ, ಇಂಗ್ಲಿಷಿನಲ್ಲಿ ಹಿಡಿ ಮಾತ್ರ. ಅವಳಿಗೆ ಬೇಕಿದ್ದದ್ದು ಸರ್ಕಾರದ ಖರ್ಚಿನ ಶಿಕ್ಷಕಿ ಸೀಟು. ನಾಲ್ಕು ವರ್ಷ ಪುಕ್ಕಟೆ ಓದು, ಮುಗಿದ ಮೇಲೆ ನಮ್ಮದೇ ತಾಲೂಕಿನ ಹಳ್ಳಿ ಶಾಲೆಯಲ್ಲಿ ಖಾಯಂ ಕೆಲಸ. ಖಾಯಂ! ಆ ಪದ ಕೇಳಿದರೆ ಅವಳ ಮೇಷ್ಟ್ರಾದ ನನ್ನ ಬಾಯಲ್ಲೇ ನೀರೂರುತ್ತದೆ. ಉಳಿದ ವಿಷಯಗಳನ್ನೆಲ್ಲ ಕೂಡಿಸಿ ನೋಡಿದರೆ ಆ ಸೀಟಿಗೆ ಇಂಗ್ಲಿಷಿನಲ್ಲಿ ನೂರೈವತ್ತಕ್ಕೆ ನೂರಹತ್ತಾದರೂ ಬರಬೇಕಿತ್ತು. ಬರುತ್ತಿದ್ದದ್ದು ಎಂಬತ್ತೇಳು. ದೊಡ್ಡ ತೂತು ಇದ್ದದ್ದು ಆಲಿಸುವ ಭಾಗದಲ್ಲಿ. ಇಪ್ಪತ್ತು ಪ್ರಶ್ನೆಗೆ ಎಂಟು ಸರಿ.

"ಬರ್ಲಿಲ್ಲ ಅಂದ್ರೆ ಅವಳು ನನ್ನ ಸೀಟಲ್ಲಿ ಕೂತು ಜಿಪ್ ಎಳೀತಾಳೆ, ಮೇಷ್ಟ್ರೇ" ಎಂದು ಶ್ಯೂಜಕ್ಕ ಮೊದಲ ದಿನವೇ ಹೇಳಿದ್ದಳು. "ಆ ಸೀಟು ಹೇಗಿರುತ್ತೆ ಅಂತ ನಂಗೊತ್ತು. ಅಲ್ಲಿಗೆ ಅವಳನ್ನ ಕಳಿಸಲ್ಲ."

ನಮ್ಮ ಪರೀಕ್ಷೆಯ ಆಲಿಸುವ ಭಾಗದಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು ಮಾತಾಡುತ್ತಾರೆ. ಮೊದಲ ಐದು ಸಂಭಾಷಣೆಗಳನ್ನು ಒಂದೇ ಒಂದು ಸಲ ಓದುತ್ತಾರೆ, ಕೇಳಿಸಿತೋ ಕೇಳಿಸಿತು. ಆಮೇಲಿನವನ್ನು ಎರಡೆರಡು ಸಲ. ಶ್ಯೂಜಕ್ಕನಿಗೆ ಇಂಗ್ಲಿಷಿನ ಒಂದಕ್ಷರವೂ ಬಾರದು. ಬರುತ್ತಿದ್ದ ಮೂರಕ್ಷರಗಳೂ ಉತ್ತರದ ಗುರುತುಗಳು. ಎ ಎಂದರೆ ಏಣಿ, ಬಿ ಎಂದರೆ ಬಸುರಿ, ಸಿ ಎಂದರೆ ಒಡೆದ ಬಳೆ. ಇಷ್ಟನ್ನು ಇಟ್ಟುಕೊಂಡು ಮಧ್ಯಾಹ್ನ ಮಗಳು ಊಟಕ್ಕೆ ಬಂದಾಗ ಪುಟ್ಟ ಸ್ಪೀಕರಿನಲ್ಲಿ ಅಭ್ಯಾಸದ ಧ್ವನಿ ಹಾಕಿ, ಬೆನ್ನಿಗೆ ನಿಂತು, ಮುಗಿದ ಮೇಲೆ ಉತ್ತರಪಟ್ಟಿಯ ಏಣಿ ಬಸುರಿಯರನ್ನು ಸಾಲಾಗಿ ತಾಳೆ ನೋಡಿ ಅಂಕ ಹಾಕುತ್ತಿದ್ದಳು. ಒಂದೇ ಒಂದು ಸಲವೂ ತಪ್ಪಿಲ್ಲ. ನಾನು ಹಾಕುವ ಅಂಕಗಳ ಬಗ್ಗೆ ಆ ಮಾತು ಹೇಳುವಂತಿಲ್ಲ.

ಅವಳು ಆ ಧ್ವನಿಗಳ ಅರ್ಥ ಕೇಳಿಕೊಂಡು ಬರುತ್ತಿದ್ದಳು. ನಾನು ಹೇಳಿದರೆ ಟೀಕೆ ಶುರು.

"ಇವತ್ತೇನಂತೆ ಅವರಿಬ್ಬರದು?"

"ಅವಳು ರೈಲು ತಪ್ಪಿಸಿಕೊಂಡಳಂತೆ, ಅಕ್ಕ."

"ಮತ್ತೇನಾ! ಹೋದ ವಾರ ವಿಮಾನ ತಪ್ಪಿಸ್ಕೊಂಡ್ಳು. ಒಂದು ಗಡಿಯಾರ ತಗೊಳ್ಳೋ ಯೋಗ್ಯತೆ ಇಲ್ವಾ ಅವಳಿಗೆ? ಆ ಗಂಡಸೂ ಅಷ್ಟೇ. ಒಂದೂವರೆ ವರ್ಷದಿಂದ ಹೋಟೆಲಲ್ಲಿ ಮೇಜು ಕಾದಿರಿಸ್ತಾನೇ ಇದಾನೆ, ಒಂದು ದಿನ ಕೂತು ಉಂಡಿದ್ದು ಕೇಳ್ಲಿಲ್ಲ."

ಓದಿ ಉತ್ತರಿಸುವ ಭಾಗದಲ್ಲಿ ಅವಳು ನನಗೆ ಮಾಡಿದ ಅವಮಾನವನ್ನೂ ಹೇಳಿಬಿಡುತ್ತೇನೆ. ಕ್ಲಾಸಿನಲ್ಲಿ ನಾನು ಎಲ್ಲ ಮೇಷ್ಟ್ರುಗಳ ಹಾಗೆ ಒಂದು ಸೂತ್ರ ಹೇಳಿಕೊಡುತ್ತಿದ್ದೆ. ನಾಲ್ಕು ಉತ್ತರಗಳಲ್ಲಿ ಮೂರು ಉದ್ದ ಒಂದು ಗಿಡ್ಡ ಇದ್ದರೆ ಗಿಡ್ಡದ್ದನ್ನು ಆರಿಸಿ, ಮೂರು ಗಿಡ್ಡ ಒಂದು ಉದ್ದ ಇದ್ದರೆ ಉದ್ದದ್ದನ್ನು ಆರಿಸಿ. ನನ್ನ ಮೇಷ್ಟ್ರು ನನಗೆ ಹೇಳಿದ್ದು, ಅವರ ಮೇಷ್ಟ್ರು ಅವರಿಗೆ. ರುಯ್‌ಲಿನ್ ಅದನ್ನು ಮನೆಯಲ್ಲಿ ಹೇಳಿದ್ದಾಳೆ. ಶ್ಯೂಜಕ್ಕ ಅರುವತ್ತು ಹಳೆಯ ಪ್ರಶ್ನೆಪತ್ರಿಕೆ ತಂದು, ಹೊಲಿಗೆಯ ಅಳತೆ ಟೇಪು ಹಿಡಿದು, ಪ್ರತಿ ಉತ್ತರವನ್ನೂ ಅಳೆದಳು. ಹತ್ತು ದಿನ ಹಿಡಿಯಿತು. ಒಂದು ಬೆಳಗ್ಗೆ ನಾನು ಹಲ್ಲುಜ್ಜುತ್ತಿರುವಾಗ ಬಂದು ನಿಂತಳು.

"ಮೇಷ್ಟ್ರೇ, ನಿಮ್ಮ ಸೂತ್ರ ನಾಲ್ಕು ಸಲಕ್ಕೆ ಒಂದು ಸಲ ಸರಿ ಬರುತ್ತೆ."

ಬಾಯಿ ತುಂಬ ನೊರೆ. ನಾನು ಹೆಮ್ಮೆಯಿಂದ ತಲೆಯಾಡಿಸಿದೆ.

"ಕಣ್ಣು ಮುಚ್ಚಿ ಬೊಟ್ಟಿಟ್ರೂ ಅಷ್ಟೇ ಬರುತ್ತಲ್ಲ? ನಾಲ್ಕರಲ್ಲಿ ಒಂದು. ಇದನ್ನ ಕಲಿಸೋಕೆ ನೀವು ಯಾಕೆ, ಕಾಲೇಜು ಯಾಕೆ?"

ನೊರೆ ನುಂಗಿದೆ. ಆ ದಿನದಿಂದ ಅವಳು ಮಗಳಿಗೆ ಹೇಳಿದ್ದು ಒಂದೇ: "ಅಳೀಬೇಡ. ಓದು." ಓದುವ ಭಾಗದಲ್ಲಿ ಹುಡುಗಿಯ ಅಂಕ ಮೆಲ್ಲಗೆ ಏರಿತು. ನನ್ನ ಸೂತ್ರವನ್ನು ನಾನು ಬೇರೆ ಕ್ಲಾಸಿಗೆ ಹೇಳಿಕೊಡುವುದನ್ನು ಮುಂದುವರಿಸಿದೆ, ಸಂಪ್ರದಾಯ ನೋಡಿ.

ಆದರೆ ಆಲಿಸುವುದು ಏರಲಿಲ್ಲ. ಶ್ಯೂಜಕ್ಕ ಕಾರಣ ಹುಡುಕಿದಳು, ಗಲಾಟೆ. ನಮ್ಮ ಗಲ್ಲಿಯ ಮಧ್ಯಾಹ್ನ ಸಣ್ಣ ಗಲಾಟೆಯದಲ್ಲ. ಕೆಳಗೆ ಶ್ಯೋಂಗ್ ಅಜ್ಜಿಯ ಮಾಜೊಂಗ್ ಜೂಜಾಟದ ಮೇಜು, ನಾಲ್ಕು ಜನ ಮುದುಕಿಯರು ಆಟದ ಬಿಲ್ಲೆಗಳನ್ನು ಕಲಸಿದರೆ ಲಾರಿ ಕಲ್ಲು ಸುರಿದ ಹಾಗೆ. ಬೀದಿಯಲ್ಲಿ ಗುಜರಿ ಪಾಂಗಣ್ಣನ ಮೂರು ಚಕ್ರದ ಗಾಡಿ. ಅದರ ಮೇಲಿನ ಧ್ವನಿವರ್ಧಕ "ಹಳೇ ಫ್ರಿಜ್ಜು, ವಾಷಿಂಗ್ ಮೆಷೀನು, ಹಾಳಾದ ಮೊಬೈಲು..." ಎಂದು ಒಂದೇ ರಾಗದಲ್ಲಿ ಕೂಗುತ್ತಿತ್ತು. ಇದರ ಮೇಲೆ ಒಂದು ನಾಯಿ, ಆರು ಪ್ರೆಶರ್ ಕುಕ್ಕರು.

ಶ್ಯೂಜಕ್ಕ ಒಂದೊಂದನ್ನಾಗಿ ಹಿಡಿದಳು. ಮಾಜೊಂಗ್ ಮೇಜಿಗೆ ದಪ್ಪ ಕಂಬಳಿ ಹೊಲಿದು ಹಾಸಿದಳು. ಪಾಂಗಣ್ಣನಿಗೆ ದಿನಾ ಹನ್ನೆರಡೂಕಾಲಕ್ಕೆ ಒಂದು ಬಟ್ಟಲು ಕಲಸಿದ ಅಕ್ಕಿ ಶಾವಿಗೆ, ಕಡಲೆಕಾಯಿ ಜಾಸ್ತಿ, ಕೊಟ್ಟು ಗಲ್ಲಿಯ ಆ ತುದಿಯಲ್ಲೇ ಕೂರಿಸಿದಳು. ಬಾಯಿ ತುಂಬಿದ್ದರೆ ಗಾಡಿಯ ಬಾಯಿಯೂ ಮುಚ್ಚಿರಬೇಕು ಎಂಬ ಕರಾರು. ನಾಯಿಗೆ ಮೂಳೆ. ಕುಕ್ಕರ್ ಇಟ್ಟ ಅಮ್ಮಂದಿರ ಮುಂದೆ ಹೋಗಿ ಸುಮ್ಮನೆ ನಿಲ್ಲುವುದು, ಅವಳು ಹಾಗೆ ನಿಂತರೆ ಯಾರೂ ತಡೆಯಲಾರರು. ನನಗೆ ಬಟ್ಟೆಯ ಚಪ್ಪಲಿ ಕೊಡಿಸಿದಳು.

"ಮೇಷ್ಟ್ರೇ, ನೀವು ಆ ಹೊತ್ತಲ್ಲಿ ಕೆಮ್ಮಬಾರ್ದು."

"ಕೆಮ್ಮು ಬಂದ್ರೆ, ಅಕ್ಕ?"

"ಮಗಳು ಭವಿಷ್ಯ ಕಟ್ಕೊಳ್ತಿದಾಳೆ. ನಿಮಗೊಂದು ಕೆಮ್ಮು ಕಟ್ಕೊಳ್ಳಕ್ಕಾಗಲ್ವಾ?"

ಮೂರು ವಾರದಲ್ಲಿ ನಮ್ಮ ಗಲ್ಲಿ ಮಧ್ಯಾಹ್ನ ಹನ್ನೆರಡೂಕಾಲರಿಂದ ಹನ್ನೆರಡೂಮುಕ್ಕಾಲರವರೆಗೆ ಸತ್ತು ಬಿದ್ದಿರುತ್ತಿತ್ತು. ಅಂಚೆಯವನು ಗಾಬರಿಯಾಗಿ ಯಾರಾದರೂ ಹೋದರೇ ಎಂದು ಕೇಳಿದ. ಆ ನಿಶ್ಶಬ್ದದಲ್ಲಿ ರುಯ್‌ಲಿನ್‌ಳ ಅಂಕ ಎದ್ದಿತು. ಹದಿಮೂರು. ಹದಿನಾರು. ಫೆಬ್ರವರಿಯಲ್ಲಿ ಒಂದು ದಿನ ಹತ್ತೊಂಬತ್ತು. ಶ್ಯೂಜಕ್ಕ ಉತ್ತರಪಟ್ಟಿಯನ್ನು ಎರಡು ಸಲ ತಾಳೆ ನೋಡಿ, ಪ್ಲೈವುಡ್ ತಟ್ಟಿ ನನಗೆ ಹೇಳಿದಳು. ನಾನೂ ಈ ಕಡೆಯಿಂದ ತಟ್ಟಿ, ನನ್ನದೇ ಬೋಧನೆಯ ಫಲವೆಂದು ಮನಸ್ಸಿನಲ್ಲೇ ಬೆನ್ನು ತಟ್ಟಿಕೊಂಡೆ.

ಮಾರ್ಚಿನಲ್ಲಿ ತಾಲೂಕುಗಳೆಲ್ಲ ಸೇರಿ ನಡೆಸುವ ಅಣಕು ಪರೀಕ್ಷೆ. ರುಯ್‌ಲಿನ್‌ಗೆ ಆಲಿಸುವುದರಲ್ಲಿ ಒಂಬತ್ತು ಸರಿ. ಇಪ್ಪತ್ತಕ್ಕೆ ಒಂಬತ್ತು.

ನಾನು ತಿದ್ದಿದ ಪತ್ರಿಕೆಗಳನ್ನು ಕೊಟ್ಟ ದಿನ ಅವಳು ಊಟಕ್ಕೆ ಬಂದು ಬಟ್ಟಲಿನ ಮುಂದೆ ಕೂತಳು, ಊಟದ ಕಡ್ಡಿ ಎತ್ತಲಿಲ್ಲ. ಶ್ಯೂಜಕ್ಕ ನನ್ನನ್ನು ಎಳೆದು ತಂದು ಎದುರಿಗೆ ಕೂರಿಸಿದಳು.

"ಏನಾಯ್ತೇ? ಹೇಳು ಮೇಷ್ಟ್ರಿಗೆ."

"ಎರಡನೇ ಪ್ರಶ್ನೆಗೆ ಪಕ್ಕದೋನು ಕೆಮ್ಮಿದ" ಎಂದಳು ರುಯ್‌ಲಿನ್. "ನಾನು ಅವನ ಮುಖ ನೋಡ್ದೆ. ಅಷ್ಟೊತ್ತಿಗೆ ಎರಡನೇದು ಹೋಯ್ತು. ಅಯ್ಯೋ ಹೋಯ್ತಲ್ಲ ಅಂತ ಅಂದ್ಕೊಳ್ಳೋ ಹೊತ್ತಿಗೆ ಮೂರನೇದೂ ಹೋಯ್ತು. ಆಮೇಲೆ ಎಲ್ರೂ ಒಟ್ಟಿಗೆ ಹಾಳೆ ತಿರುಗಿಸಿದ್ರು. ಐವತ್ತೆಂಟು ಹಾಳೆ, ಅಮ್ಮ! ಬಿದಿರು ಮೆಳೆಗೆ ಗಾಳಿ ನುಗ್ಗಿದ ಹಾಗೆ. ಸ್ಪೀಕರ್ ಬೇರೆ ಕರಕರ ಅಂತಿತ್ತು. ನಮ್ಮ ಮನೇಲಿ ಇರೋ ಹಾಗೆ ಅಲ್ಲಿ ಇಲ್ಲ."

ಗಲ್ಲಿ ನಿಯಮದ ಪ್ರಕಾರ ಸುಮ್ಮನಿತ್ತು. ಶ್ಯೂಜಕ್ಕನ ಮುಖ ಹಳೆಯ ಬಟ್ಟೆಯ ಹಾಗೆ ಮುದುಡಿತು. ಅವಳು ಬೈಯುವುದನ್ನು ನೋಡಿದ್ದೆ. ಬೈಯದೆ ಕೂತದ್ದನ್ನು ನೋಡಿದ್ದು ಆಗಲೇ.

"ನಾನೇ ಕೆಡಿಸ್ಬಿಟ್ಟೆ" ಎಂದಳು ಕೊನೆಗೆ.

"ಹಾಗೇನಿಲ್ಲ ಅಕ್ಕ" ಎಂದೆ, ಹಾಗೇ ಇದ್ದರೂ.

"ಸುಮ್ನಿರಿ ಮೇಷ್ಟ್ರೇ. ಕಾರ್ಖಾನೇಲಿ ಇನ್ನೂರು ಮೆಷೀನು ಓಡ್ತಿತ್ತು. ಪಕ್ಕದೋಳು ಏನು ಹೇಳಿದ್ಲು ಅಂತ ಕೇಳಿಸ್ತಿರ್ಲಿಲ್ಲ. ಆದ್ರೆ ಒಂದು ಕೆಟ್ಟ ಜಿಪ್ ಎಳೆದ್ರೆ ನಂಗೆ ಕೇಳಿಸ್ತಿತ್ತು. ಯಾಕೆ? ಅದೇ ಗಲಾಟೇಲಿ ಕಲಿತಿದ್ದೆ. ಹೊಸ ಹುಡುಗೀರನ್ನ ಬೇರೆ ಕೋಣೇಲಿ ಕೂರಿಸಿ ಕಲಿಸಿದ್ರೆ ಮೆಷೀನ್ ಹತ್ರ ಬಂದ ದಿನವೇ ಕಿವುಡಾಗೋರು. ಇಷ್ಟು ಗೊತ್ತಿದ್ದೂ ನನ್ನ ಮಗಳನ್ನ ಡಬ್ಬಿಯೊಳಗೆ ಇಟ್ಟೆ."

ಎದ್ದಳು. ಕೆಳಗೆ ಹೋಗಿ ಮಾಜೊಂಗ್ ಮೇಜಿನ ಕಂಬಳಿಯನ್ನು ಸರಕ್ಕನೆ ಎಳೆದಳು. ಮುದುಕಿಯರು ಕಿರುಚಿದ್ದು ಮಹಡಿಗೆ ಕೇಳಿಸಿತು.

ಆಮೇಲಿನ ಎರಡು ತಿಂಗಳು ನಮ್ಮ ಗಲ್ಲಿಯಲ್ಲಿ ನಡೆದದ್ದನ್ನು ಹೊರಗಿನವರು ನಂಬುವುದಿಲ್ಲ. ಬೇರೆ ಗಲ್ಲಿಗಳಲ್ಲಿ ಅಮ್ಮಂದಿರು ಬೆರಳು ತುಟಿಗಿಟ್ಟು ಓಡಾಡುತ್ತಿದ್ದರೆ ಇಲ್ಲಿ ಶ್ಯೂಜಕ್ಕ ಗಲಾಟೆಗೆ ಜನ ಸೇರಿಸುತ್ತಿದ್ದಳು. ಅದೇ ಪಾಂಗಣ್ಣನಿಗೆ ಈಗ ಎರಡು ಬಟ್ಟಲು ಶಾವಿಗೆ, ಗಾಡಿ ಕಿಟಕಿಯ ಕೆಳಗೇ ನಿಲ್ಲಬೇಕು.

"ತಂಗೀ, ಹೋದ ತಿಂಗಳು ಬಾಯಿ ಮುಚ್ಚು ಅಂದೆ, ಈ ತಿಂಗಳು ಬಾಯಿ ಬಿಡು ಅಂತೀಯ" ಎಂದ ಪಾಂಗಣ್ಣ. "ನಿನ್ನ ಮಗಳು ಓದ್ತಿರೋದು ಇಂಗ್ಲಿಷೋ, ಗುಜರಿ ವ್ಯಾಪಾರನೋ?"

"ತಿಂದ್ಕೊಂಡು ಕೂಗಣ್ಣ. ಮಧ್ಯ ಮಧ್ಯ ನಿಲ್ಲಿಸು. ಒಂದೇ ಸಮ ಕೂಗಿದ್ರೆ ಅವಳಿಗೆ ಅಭ್ಯಾಸ ಆಗ್ಬಿಡುತ್ತೆ."

ಶ್ಯೋಂಗ್ ಅಜ್ಜಿಗೆ ಮಾತ್ರ ಸ್ವರ್ಗ. ಬಿಲ್ಲೆ ಬಡಿಯಲು ಅಪ್ಪಣೆ ಸಿಕ್ಕಿದ್ದಷ್ಟೇ ಅಲ್ಲ, ಅದು ಶಿಕ್ಷಣಸೇವೆಯೂ ಆಯಿತು. "ಮಗೂಗೋಸ್ಕರ" ಎನ್ನುತ್ತಾ ಎಂಬತ್ತರ ಮುದುಕಿ ಮೇಜು ಬಿರಿಯುವ ಹಾಗೆ ಬಡಿಯುತ್ತಿದ್ದಳು. ಇನ್ನು ನಾನು. ಸರ್ಕಾರ ಮಾನ್ಯ ಮಾಡಿದ ಪದವಿಯುಳ್ಳ ನಾನು ಕೆಮ್ಮುವವನಾದೆ. ರುಯ್‌ಲಿನ್ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತು, ಶ್ಯೂಜಕ್ಕ ಗಲ್ಲ ಎತ್ತಿದಾಗ ಕೆಮ್ಮಬೇಕು, ಬೆರಳು ಆಡಿಸಿದಾಗ ಹಾಳೆ ತಿರುವಬೇಕು.

"ಇದೇನು ಮೇಷ್ಟ್ರೇ, ಹೊಸ ಸೊಸೆ ಕೆಮ್ಮಿದ ಹಾಗೆ! ಪರೀಕ್ಷೆಗೆ ಬರೋ ಗಂಡುಹುಡುಗ್ರು ಹೀಗಾ ಕೆಮ್ಮೋದು? ಎದೆಯಿಂದ ಬರ್ಲಿ."

ಎದೆಯಿಂದ ಕೆಮ್ಮಿದೆ. ಕಾಲೇಜಿನ ನಾಲ್ಕು ವರ್ಷದಲ್ಲಿ ಇಂಗ್ಲಿಷಿಗೆ ನಾನು ಮಾಡಿದ ಸೇವೆಗಿಂತ ಆ ಎರಡು ತಿಂಗಳ ಕೆಮ್ಮಿನದೇ ದೊಡ್ಡದು.

ಮೊದಲ ದಿನ ಆರು ಸರಿ. ರುಯ್‌ಲಿನ್ ಪೆನ್ಸಿಲ್ ಎಸೆದಳು. ಎರಡನೇ ವಾರ ಎಂಟು, ಆಮೇಲೆ ಹನ್ನೊಂದು. ಏಪ್ರಿಲ್ ಕೊನೆಗೆ ಹದಿನೈದು. ಒಂದು ದಿನ ನಾನು ನಿಜವಾಗಿಯೇ ಅನ್ನ ನೆತ್ತಿಗೇರಿ ಸಾಯುವ ಹಾಗೆ ಕೆಮ್ಮಿದೆ. ಅವಳು ತಲೆಯೆತ್ತಲಿಲ್ಲ. ಅಂದೇ ನನಗೆ ಗೊತ್ತಾಯಿತು, ಹುಡುಗಿ ಗೆದ್ದಳು. ಮೇ ತಿಂಗಳ ಅಣಕು ಪರೀಕ್ಷೆಯಲ್ಲಿ, ಶಾಲೆಯ ಅದೇ ಕರಕರ ಸ್ಪೀಕರಿನಲ್ಲಿ, ಹದಿನಾರು. ಇಂಗ್ಲಿಷಿನ ಒಟ್ಟು ನೂರಹನ್ನೆರಡು.

ಶ್ಯೂಜಕ್ಕ ಎರಡು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದಳು. ಗೊರಕೆ ಪ್ಲೈವುಡ್ಡಿನಲ್ಲಿ ಕೇಳಿಸುತ್ತಿತ್ತು, ಅದರ ಮೇಲೆ ಹೇಳುತ್ತಿದ್ದೇನೆ. ಮೂರನೆಯ ದಿನ ಗಲ್ಲಿಯ ಬಾಯಲ್ಲಿ ಪ್ರತಿ ವರ್ಷ ಅಂಟಿಸುವ ಸರ್ಕಾರಿ ನೋಟೀಸು ಅಂಟಿಸಿದರು. ಕಾಲೇಜು ಪ್ರವೇಶದ ದೊಡ್ಡ ಪರೀಕ್ಷೆಯ ದಿನಗಳಲ್ಲಿ ವಾಹನಗಳು ಹಾರ್ನ್ ಮಾಡುವಂತಿಲ್ಲ. ಕಟ್ಟಡ ಕೆಲಸ ಬಂದ್. ಬೀದಿಯಲ್ಲಿ ಧ್ವನಿವರ್ಧಕ ಬಂದ್. ಇಂಗ್ಲಿಷ್ ಪತ್ರಿಕೆಯ ದಿನ ಮಧ್ಯಾಹ್ನ ಮೂರು ಗಂಟೆಯಿಂದ, ಆಲಿಸುವ ಭಾಗ ಮುಗಿಯುವವರೆಗೆ, ಶಾಲೆಯ ಸುತ್ತ ವಾಹನ ಸಂಚಾರವೇ ಇಲ್ಲ. ಶಾಲೆಯ ಕೊಳದ ಕಪ್ಪೆಗಳನ್ನು ಬಲೆ ಹಾಕಿ ಹಿಡಿದು ಊರಾಚೆ ಬಿಡಲಾಗುವುದು. ಕೋಣೆಗೆ ಮೂವತ್ತೇ ಮಕ್ಕಳು, ಸ್ಪೀಕರುಗಳು ಹೊಸವು.

ಎಲ್ಲ ಅಮ್ಮಂದಿರೂ ಓದಿ ಸರ್ಕಾರಕ್ಕೆ ಕೈ ಮುಗಿದರು. ಶ್ಯೂಜಕ್ಕ ನೋಟೀಸಿನ ಮುಂದೆ ನಿಂತಲ್ಲೇ ಬಿಳುಚಿಕೊಂಡಳು.

"ಕಪ್ಪೇನೂ ಬಿಡಲ್ವಂತೆ ಮೇಷ್ಟ್ರೇ! ಇಡೀ ಊರೇ ನಾನು ಮೊದಲು ಮಾಡಿದ ತಪ್ಪನ್ನ ಮಾಡ್ತಿದೆ. ಎರಡು ತಿಂಗಳು ಗಲಾಟೇಲಿ ಪಳಗಿಸಿದೀನಿ. ಈಗ ನಿಶ್ಶಬ್ದದಲ್ಲಿ ಕೂರಿಸಿದ್ರೆ ಅವಳ ಕಿವಿ ಏನು ಮಾಡ್ಬೇಕು?"

"ನಿಶ್ಶಬ್ದದಲ್ಲಿ ಎಲ್ಲರಿಗೂ ಕೇಳಿಸುತ್ತೆ ಅಕ್ಕ."

"ಮೆಷೀನ್ ನಿಂತ ದಿನ ಕಾರ್ಖಾನೇಲಿ ನಂಗೆ ತಲೆ ಸುತ್ತು ಬರೋದು. ನಿಮಗೇನು ಗೊತ್ತು."

ಅವಳು ಸರ್ಕಾರದ ದೂರಿನ ನಂಬರಿಗೆ ಫೋನ್ ಮಾಡಿದಳು. ನಾನು ಪಕ್ಕದಲ್ಲೇ ಇದ್ದೆ, ಸ್ಪೀಕರ್ ಹಾಕಿದ್ದಳು, ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ.

"ಪರೀಕ್ಷೆ ಸಂಬಂಧ ಗಲಾಟೆ ಬಗ್ಗೆ ದೂರಾ, ಅಕ್ಕ?" ಎಂದಳು ಅತ್ತಲಿನ ಹುಡುಗಿ.

"ಹೌದಮ್ಮ. ಗಲಾಟೆ ಇಲ್ದೇ ಇರೋದರ ಬಗ್ಗೆ."

"ಅರ್ಥ ಆಗ್ಲಿಲ್ಲ."

"ಸ್ವಲ್ಪ ಗಲಾಟೆ ಇರ್ಲಿ ಅಂತ. ಜಾಸ್ತಿ ಬೇಡ. ಒಂದು ಗುಜರಿ ಗಾಡಿ, ಒಂದೆರಡು ಕಪ್ಪೆ."

ಆ ಹುಡುಗಿ ತುಂಬ ಮೃದುವಾಗಿ, ಪರೀಕ್ಷೆಯ ಒತ್ತಡಕ್ಕೆ ಒಳಗಾದ ಪೋಷಕರಿಗೆ ಮನೋವೈದ್ಯರ ನಂಬರ್ ಬೇರೆ ಇದೆ, ಕೊಡಲೇ ಎಂದಳು. ಶ್ಯೂಜಕ್ಕ ಫೋನ್ ಇಟ್ಟು ನನ್ನ ಕಡೆ ನೋಡಿದಳು. ನಾನು ನಗಲಿಲ್ಲ. ಅದು ನನ್ನ ಜೀವನದ ದೊಡ್ಡ ಸಾಧನೆಗಳಲ್ಲೊಂದು.

ಆಗ ಹಾಸಿಗೆಯ ಮೇಲೆ ಕೂತು ಸಾಕ್ಸ್ ಹಾಕುತ್ತಿದ್ದ ರುಯ್‌ಲಿನ್ ಮಾತಾಡಿದಳು.

"ಅಮ್ಮ, ನಂಗೆ ಗಲಾಟೇಲೂ ಕೇಳಿಸುತ್ತೆ, ಸುಮ್ನಿದ್ರೂ ಕೇಳಿಸುತ್ತೆ. ಒಂದೇ ಒಂದು ಸದ್ದು ಮಾತ್ರ ತಡ್ಕೊಳ್ಳಕ್ಕಾಗಲ್ಲ."

"ಯಾವುದೇ? ಹೇಳು, ಇವತ್ತೇ ನಿಲ್ಲಿಸ್ತೀನಿ."

"ನೀನು. ನನ್ನ ಬೆನ್ನಿಗೆ ನಿಂತು ಉಸಿರು ಬಿಗಿ ಹಿಡೀತೀಯ. ನಾನು ತಪ್ಪು ಗುರುತು ಹಾಕಿದ್ರೆ ಪುಸ್ಸಂತ ಬಿಡ್ತೀಯ. ಸರಿಯೋ ತಪ್ಪೋ ನಿಂಗೂ ಗೊತ್ತಿರಲ್ಲ, ಸುಮ್ನೆ ಬಿಡ್ತೀಯ. ನಾನು ಆ ಗಂಡಸು ಹೇಳೋದನ್ನ ಬಿಟ್ಟು ನಿನ್ನ ಉಸಿರನ್ನೇ ಕೇಳ್ತಿರ್ತೀನಿ. ಈ ಒಂದು ವಾರ ನೀನು ಕೆಳಗಿರು."

ನಾನು ಬಾಗಿಲ ಕಡೆ ಜರುಗಿದೆ. ಅಮ್ಮ ಮಗಳ ಮಧ್ಯೆ ಸಿಕ್ಕಿದ ಗುತ್ತಿಗೆ ಮೇಷ್ಟ್ರ ಕಥೆಗಳನ್ನು ಬೇಕಾದಷ್ಟು ಕೇಳಿದ್ದೇನೆ. ಶ್ಯೂಜಕ್ಕ ಮೂಗಿನಿಂದ ಉದ್ದಕ್ಕೆ ಉಸಿರು ಬಿಟ್ಟಳು. "ನೋಡು, ಇದೇ" ಎಂದಳು ರುಯ್‌ಲಿನ್.

ಆ ವಾರ ಮಧ್ಯಾಹ್ನ ಶ್ಯೂಜಕ್ಕ ಕೆಳಗೆ ಅಜ್ಜಿಯ ಮೇಜಿನಲ್ಲಿ ಕೂತಳು. ಮಾಜೊಂಗ್ ಬಾರದು. ದಿನಾ ಸೋತಳು. ಕಣ್ಣು ಬಿಲ್ಲೆಗಳ ಮೇಲೆ, ಕಿವಿ ಮಹಡಿಯಲ್ಲಿ. ಅಂಕವನ್ನು ಈಗ ರುಯ್‌ಲಿನ್ ತಾನೇ ಹಾಕಿಕೊಳ್ಳುತ್ತಿದ್ದಳು, ಅಮ್ಮನಿಗೆ ಹೇಳುತ್ತಿರಲಿಲ್ಲ. ಶ್ಯೂಜಕ್ಕ ಕೇಳುತ್ತಲೂ ಇರಲಿಲ್ಲ. ಒಂದು ದಿನ ಮಾತ್ರ ಮೆಟ್ಟಿಲ ಬಳಿ ನನ್ನ ತೋಳು ಹಿಡಿದು, "ಮೇಷ್ಟ್ರೇ, ನನ್ನ ಉಸಿರು ಅಷ್ಟು ಜೋರಾ?" ಎಂದಳು. ಅಲ್ಲ ಎನ್ನಬೇಕಿತ್ತು. ಪ್ಲೈವುಡ್ಡಿನ ಪಕ್ಕದವನಾದ್ದರಿಂದ ಸುಳ್ಳು ಬಾಯಿಗೆ ಬರಲಿಲ್ಲ.

ಜೂನ್ ಎಂಟು, ಮಧ್ಯಾಹ್ನ. ಗೇಟಿನ ಹೊರಗೆ ಮುನ್ನೂರು ಜನ. ಅಮ್ಮಂದಿರು ಶುಭವಾಗಲೆಂದು ಬದಿ ಸೀಳಿದ ಕೆಂಪು ನಿಲುವಂಗಿಯಲ್ಲಿ, ಮೇಷ್ಟ್ರುಗಳು ಶಾಲೆ ಕೊಟ್ಟ ಕೆಂಪು ಟೀ ಶರ್ಟಿನಲ್ಲಿ. ನನ್ನದು ಒಂದು ಅಳತೆ ದೊಡ್ಡದು. ಶ್ಯೂಜಕ್ಕ ದಿನದ ಬಟ್ಟೆಯಲ್ಲೇ ಬಂದಿದ್ದಳು. ಮೂರು ಗಂಟೆಯಾಯಿತು. ಪಟ್ಟಣದ ಸದ್ದನ್ನೆಲ್ಲ ಯಾರೋ ಬಕೆಟ್ಟಿನಲ್ಲಿ ಎತ್ತಿಕೊಂಡು ಹೋದ ಹಾಗಾಯಿತು. ಕಲ್ಲಂಗಡಿ ಮಾರುವವನು ಚಾಕು ಕೆಳಗಿಟ್ಟ. ಒಬ್ಬ ಪೊಲೀಸ್ ತನ್ನ ವಾಕಿಟಾಕಿಯನ್ನು ಟೋಪಿಯೊಳಗೆ ಸುತ್ತಿ ಕಂಕುಳಲ್ಲಿಟ್ಟುಕೊಂಡ.

ಮೂರು ಗಂಟೆ ಎರಡು ನಿಮಿಷಕ್ಕೆ, ಗೇಟಿನ ಪಕ್ಕದ ಕರ್ಪೂರದ ಮರದಲ್ಲಿ ಒಂದು ಜೀರುಂಡೆ ಶುರುಮಾಡಿತು.

ಮುನ್ನೂರು ತಲೆಗಳು ಒಟ್ಟಿಗೆ ಮೇಲೆದ್ದವು. ಜೀರುಂಡೆಗೆ ನೋಟೀಸು ಓದಲು ಬರುತ್ತಿರಲಿಲ್ಲ. ಒಬ್ಬಳು ಅಮ್ಮ ಪೊಲೀಸನಿಗೆ ಸನ್ನೆ ಮಾಡಿದಳು. ಅವನು ಬ್ಯಾನರ್ ಕಟ್ಟಿದ್ದ ಬಿದಿರು ಗಳುವನ್ನು ಬಿಚ್ಚಿ ಮರದ ಕಡೆ ನಡೆದ. ಅದರ ಇನ್ನೊಂದು ತುದಿಯನ್ನು ಶ್ಯೂಜಕ್ಕ ಎರಡೂ ಕೈಯಲ್ಲಿ ಹಿಡಿದಳು.

"ಬಿಡಮ್ಮ" ಎಂದ ಅವನು ಪಿಸುದನಿಯಲ್ಲಿ.

"ಅದು ಕೂಗ್ಲಿ ಬಿಡಿ" ಎಂದಳು ಇವಳೂ ಪಿಸುದನಿಯಲ್ಲೇ.

"ಹುಚ್ಚಾ ನಿನಗೆ?" ಎಂದು ಆ ಅಮ್ಮ ಹಲ್ಲು ಕಚ್ಚಿ ಪಿಸುಗುಟ್ಟಿದಳು. "ನನ್ನ ಮಗ ಒಳಗಿದಾನೆ!"

"ನನ್ನ ಮಗಳೇನು ಸಂತೆಗೆ ಹೋಗಿದಾಳಾ? ನೀವು ಗಳು ಹಾಕಿ ಹೊಡೆದ್ರೆ ಆ ಸದ್ದು ಜಾಸ್ತಿ. ಒಂದು ಹುಳ ಕೂಗಿದ್ರೆ ಕೆಡೋ ಹಂಗೆ ಯಾಕೆ ಬೆಳೆಸಿದೀಯ ಮಗನ್ನ?"

ಪಿಸುದನಿಯಲ್ಲಿ ಜಗಳವಾಡುವ ಮೂವರನ್ನು ನಾನು ಅಂದೇ ಮೊದಲು ನೋಡಿದ್ದು. ಕಣ್ಣು ಕೆಂಪು, ಕುತ್ತಿಗೆಯ ನರ ಉಬ್ಬಿ, ಬಾಯಿಂದ ಬರೀ ಗಾಳಿ. ಗಳು ಆ ಕಡೆ ಈ ಕಡೆ ಓಲಾಡಿತು. ನನ್ನನ್ನು ಯಾರೋ ನೂಕಿದರು, "ಮೇಷ್ಟ್ರೇ, ನೀವಾದ್ರೂ ಹೇಳಿ." ರುಯ್‌ಲಿನ್‌ಳ ಕೋಣೆ ಕಟ್ಟಡದ ಆ ಬದಿಯಲ್ಲಿ, ನಾಲ್ಕನೆಯ ಮಹಡಿಯಲ್ಲಿ ಇತ್ತು. ಅಲ್ಲಿಗೆ ಜೀರುಂಡೆಯೂ ಕೇಳಿಸದು, ಗಳುವೂ ಕೇಳಿಸದು. ಅದು ನನಗೆ ಗೊತ್ತಿತ್ತು. ಹೇಳಿದರೆ ಶ್ಯೂಜಕ್ಕನ ಯುದ್ಧ ಕೆಡುತ್ತಿತ್ತು. ನಾನು ಅಂಗಿಯ ತುದಿ ಹಿಡಿದು, ಮೇಷ್ಟ್ರುಗಳು ಮಾಡುವ ಕೆಲಸ ಮಾಡಿದೆ. ಗಂಭೀರವಾಗಿ ಗಡಿಯಾರ ನೋಡಿದೆ.

ಅಷ್ಟರಲ್ಲಿ ಮೂರೂ ಇಪ್ಪತ್ತೆರಡು. ಆಲಿಸುವ ಭಾಗ ಮುಗಿದಿತ್ತು. ಪೊಲೀಸ್ ಟೋಪಿ ಬಿಚ್ಚಿದ. ಶ್ಯೂಜಕ್ಕ ಗಳು ಬಿಟ್ಟು ಅಂಗೈ ನೋಡಿಕೊಂಡಳು, ಸಿಬಿರು ಚುಚ್ಚಿತ್ತು.

ಐದು ಗಂಟೆಗೆ ಮಕ್ಕಳು ಹೊರಬಂದರು. ಹೇಗಾಯಿತು ಎಂದು ಕೇಳಬಾರದೆಂಬುದು ಗಲ್ಲಿಯ ಅಮ್ಮಂದಿರ ಕಟ್ಟುಪಾಡು. ಶ್ಯೂಜಕ್ಕ ಕೇಳಲಿಲ್ಲ, ಬೇರೆಯದನ್ನು ಕೇಳಿದಳು.

"ಜೀರುಂಡೆ ಕೇಳಿಸ್ತಾ?"

"ಯಾವ ಜೀರುಂಡೆ?" ಎಂದಳು ರುಯ್‌ಲಿನ್. "ಹಸಿವಾಗ್ತಿದೆ ಅಮ್ಮ."

ಫಲಿತಾಂಶ ಬಂದದ್ದು ಇಪ್ಪತ್ತೈದಕ್ಕೆ. ಮೂವರೂ ಒಂದೇ ಮೊಬೈಲಿಗೆ ಮುಖ ಕೊಟ್ಟು ಕೂತಿದ್ದೆವು. ಇಂಗ್ಲಿಷ್ ನೂರಹತ್ತೊಂಬತ್ತು. ಸೀಟಿಗೆ ಬೇಕಾದದ್ದಕ್ಕಿಂತ ಒಂಬತ್ತು ಹೆಚ್ಚು. ರುಯ್‌ಲಿನ್ ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡು ನಕ್ಕಳು, ಅಥವಾ ಅತ್ತಳು, ಮುಚ್ಚಿಕೊಂಡಿದ್ದರಿಂದ ಹೇಳುವುದು ಕಷ್ಟ. ಶ್ಯೂಜಕ್ಕ ಮೊಬೈಲನ್ನು ಕಿತ್ತುಕೊಂಡು ಬೆರಳಿನಿಂದ ಮೇಲೆ ಕೆಳಗೆ ಜಾರಿಸುತ್ತಲೇ ಇದ್ದಳು.

"ಆಲಿಸಿದ್ದು ಎಷ್ಟು? ಎಲ್ಲಿ ಬರೆದಿದಾರೆ?"

"ಬರೆಯಲ್ಲ ಅಕ್ಕ. ಒಟ್ಟು ಮಾತ್ರ ಕೊಡ್ತಾರೆ."

"ಅಂದ್ರೆ?"

"ಆಲಿಸಿದ್ದು, ಓದಿದ್ದು, ಬರೆದದ್ದು ಎಲ್ಲ ಸೇರಿಸಿ ನೂರಹತ್ತೊಂಬತ್ತು. ಬಿಡಿಬಿಡಿಯಾಗಿ ಯಾರಿಗೂ ಹೇಳಲ್ಲ."

ಅವಳು ಮೊಬೈಲನ್ನು ಮೇಜಿನ ಮೇಲಿಟ್ಟಳು. "ಎರಡು ವರ್ಷ! ಗಲ್ಲಿ ಮುಚ್ಚಿಸಿದೆ, ಗಲ್ಲಿ ತೆರೆಸಿದೆ, ಪೊಲೀಸನ ಹತ್ರ ಜಗಳ ಆಡ್ದೆ. ಮಾಂಸ ಮೂಳೆ ಎರಡೂ ಒಂದೇ ತಕ್ಕಡೀಲಿ ತೂಗಿ ಕೊಟ್ರೆ ನಾನು ಏನಂತ ತಗೊಳ್ಲಿ?"

"ಸೀಟು ಬಂತಲ್ಲ ಅಕ್ಕ, ಸಾಲದಾ?"

"ಸಾಕು ಅನ್ನೋದು ಬೇರೆ, ಎಷ್ಟು ಅನ್ನೋದು ಬೇರೆ."

"ಹದಿನೇಳು ಅಂತ ಇಟ್ಕೋ ಅಮ್ಮ" ಎಂದಳು ರುಯ್‌ಲಿನ್ ಮೂಗು ಒರೆಸಿಕೊಳ್ಳುತ್ತಾ.

"ಇಟ್ಕೊಳ್ಳೋಕೆ ಅದೇನು ಕೋಳಿಮೊಟ್ಟೆನಾ? ಸರಿಯಾಗಿ ಹೇಳು. ಹದಿನೆಂಟು."

"ಹದಿನೇಳೇ."

"ಹದಿನೇಳೂವರೆ."

"ಅರ್ಧ ಪ್ರಶ್ನೆ ಇರಲ್ಲ ಅಮ್ಮ!"

"ಹಾಗಾದ್ರೆ ಹದಿನೆಂಟು" ಎಂದು ಶ್ಯೂಜಕ್ಕ ವ್ಯಾಪಾರ ಮುಗಿಸಿದಳು. ಡಾಂಗ್‌ಗ್ವಾನ್‌ನಲ್ಲಿ ದುಡಿಯುತ್ತಿದ್ದ ಗಂಡನಿಗೆ ಫೋನ್ ಮಾಡಿ ಹದಿನೆಂಟು ಎಂದಳು. ಕೆಳಗಿಳಿದು ಶ್ಯೋಂಗ್ ಅಜ್ಜಿಗೆ ಹತ್ತೊಂಬತ್ತು ಎಂದಳು, ನಾನು ಮೆಟ್ಟಿಲ ಮೇಲಿಂದ ಕೇಳಿದೆ. ಸಂಜೆ ಗಲ್ಲಿಯ ತುದಿಯಲ್ಲಿ ಪಾಂಗಣ್ಣ ಗಾಡಿ ನಿಲ್ಲಿಸಿ, ಇಪ್ಪತ್ತಕ್ಕೆ ಇಪ್ಪತ್ತಂತಲ್ಲ ಮೇಷ್ಟ್ರೇ, ನಮ್ಮ ಹುಡುಗಿಗೆ ಒಂದೂ ತಪ್ಪಿಲ್ವಂತೆ ಎಂದು ನನ್ನ ಕೈ ಕುಲುಕಿದ.

ನಾನು ತಿದ್ದಲಿಲ್ಲ. ಮರುದಿನ ಶಾಲೆಯಲ್ಲಿ ಮುಖ್ಯೋಪಾಧ್ಯಾಯರು ಈ ವರ್ಷ ನಿಮ್ಮ ಕ್ಲಾಸಿನ ಆಲಿಸುವ ಭಾಗ ಹೇಗೆ ಎಂದು ಕೇಳಿದರು. ಇಪ್ಪತ್ತಕ್ಕೆ ಇಪ್ಪತ್ತು ಬಂದವಳು ಒಬ್ಬಳಿದ್ದಾಳೆ ಸರ್ ಎಂದು, ಕಣ್ಣು ಕೆಳಗೆ ಹಾಕಿ, ವಿನಯದಿಂದ ಹೇಳಿದೆ. ನನ್ನ ಗುತ್ತಿಗೆಯನ್ನು ಇನ್ನೊಂದು ವರ್ಷ ಮುಂದುವರಿಸಿದ್ದಾರೆ.